ಕಡಲು ಯಾವ ಬದಿಗೆ?

ಬೇಲೆಕೇರಿಯ ಬೇಲೆಯ ಮೇಲೆ, ಎಳೆದಿಟ್ಟ ದೋಣಿಯ ನೆರಳಿನಲ್ಲಿ ಇಬ್ಬರು ಕೂತಿದ್ದಾರೆ. ಒಬ್ಬರು ಮುಂಬಯಿ ಬಂದರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತಿಕೆ ಮಾಡಿ ಊರಿಗೆ ಮರಳಿದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ನಾಳೆ ಸಂಜೆ ಕಾರವಾರದಲ್ಲಿ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೊರಟಿದ್ದಾಳೆ.

— ಚೀಲ ಕಟ್ಟಿ ಆಯ್ತಾ ಮಗಾ?

— ಆಯ್ತು ದೊಡ್ಡಪ್ಪ. ಅಮ್ಮ ಉಪ್ಪಿನಕಾಯಿ ಡಬ್ಬಿಯನ್ನ ಮೂರು ಸಲ ಒಳಗಿಟ್ಟು ಮೂರು ಸಲ ಹೊರಗೆ ತೆಗೆದಳು. ಎಣ್ಣೆ ಸೋರ್ತದೆ ಅಂತ ಹೆದರಿಕೆ.

— ಸೋರಲಿ ಬಿಡು. ನಾ ಮುಂಬಯಿಗೆ ಹೋದಾಗ ಹಾಕಿದ ಒಂದೇ ಅಂಗಿಗೆ ಮಾವಿನಮಿಡಿ ವಾಸನೆ ಬರ್ತಿತ್ತು. ಅದು ಹಾಗಿರಲಿ, ಬೆಂಗಳೂರಿನಲ್ಲಿ ಇಳಿದ ಮೇಲೆ ಹೇಗೆ ಹೋಗ್ತೀ?

— ಮೊಬೈಲ್ ಇದೆಯಲ್ಲ.

— ಮೊಬೈಲ್ ಇರೂದು ನಂಗೂ ಕಾಣ್ತದೆ. ಸ್ಟೇಶನ್ನಿನಿಂದ ಹೊರಗೆ ಬಂದು ನಿಂತಾಗ ಪಡು ಯಾವ ಬದಿಗೆ, ಮೂಡು ಯಾವ ಬದಿಗೆ ಅಂತ ತಿಳೀತದಾ?

— ಪಡು ಮೂಡು ಕಟ್ಟಿಕೊಂಡು ನಾನು ಎಂತ ಮಾಡ್ಲಿ? ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ ಅದೇ ಹೇಳ್ತದೆ.

— ಎಡ, ಬಲ ಅನ್ನೂದು ನಿನ್ನ ಮೈಯಲ್ಲಿ ಇರೂದು. ನೀ ತಿರುಗಿದರೆ ಅವೂ ನಿನ್ನ ಜೊತೆ ತಿರುಗ್ತವೆ. ಪಡು ತಿರುಗೂದಿಲ್ಲ. ನಮ್ಮ ಊರಿನವರು ಯಾರಾದರೂ ದಾರಿ ತಪ್ಪಿದ್ದನ್ನ ಕಂಡಿದ್ದೀಯಾ? ಕುಡಿದವ ಕೂಡ ತಪ್ಪೂದಿಲ್ಲ. ಪಡುವಿಗೆ ಕಡಲು, ಮೂಡಿಗೆ ಘಟ್ಟ. ನಡುವೆ ಒಂದು ಹೆದ್ದಾರಿ, ಒಂದು ರೈಲು ಕಂಬಿ. ಬಸ್ಸಿಗೆ ಎರಡೇ ದಿಕ್ಕು. ಬಡಗಿಗೆ ಹೋದರೆ ಕಾರವಾರ, ತೆಂಕಿಗೆ ಹೋದರೆ ಅಂಕೋಲೆ, ಕುಮಟೆ. ಕಣ್ಣು ಮುಚ್ಚಿ ಹತ್ತಿದರೂ ಎರಡರಲ್ಲಿ ಒಂದು ಸಲ ಸರಿ ಬಸ್ಸೇ ಸಿಕ್ತದೆ.

— ಹತ್ತಿದರೆ ಆಯ್ತಾ? ಇಳಿಸಬೇಕಲ್ಲ! ಹೋದ ತಿಂಗಳು ಕಾರವಾರದಿಂದ ಬರುವಾಗ ಅವಸರದಲ್ಲಿ ಒಂದು ಎಕ್ಸ್‌ಪ್ರೆಸ್ ಹತ್ತಿಬಿಟ್ಟೆ. ಬೇಲೆಕೇರಿ ಕ್ರಾಸ್ ಅಂದೆ. ಸ್ಟಾಪ್ ಇಲ್ಲ ಅಂದ್ರು. ನಮ್ಮ ಕ್ರಾಸು ಕಿಟಕಿಯಲ್ಲಿ ಹಿಂದೆ ಸರಿದು ಹೋಗುದನ್ನ ನೋಡ್ತಾ ಅಂಕೋಲೆಗೆ ಹೋಗಿ ಇಳಿದೆ. ಅಲ್ಲಿಂದ ಟೆಂಪೊ ಹಿಡಿದು ವಾಪಸ್ಸು. ಶಕ್ತಿ ಯೋಜನೆಯ ಬಿಟ್ಟಿ ಟಿಕೆಟಿನಲ್ಲಿ ಮನೆ ದಾಟಿ ಮುಂದೆ ಹೋದೆ, ದುಡ್ಡು ಕೊಟ್ಟು ಹಿಂದೆ ಬಂದೆ.

— (ನಕ್ಕು) ಟೆಂಪೊದವನಿಗೆ ಶಕ್ತಿ ಇಲ್ಲ.

— ಇಲ್ಲ. 2023ರ ಜೂನ್ 11ರಿಂದ ಸರಕಾರಿ ಬಸ್ಸಿಗೆ ಮಾತ್ರ ಅದು. ಆದರೆ ದೊಡ್ಡಪ್ಪ, ಟೆಂಪೊದವ ಕೈ ಮಾಡಿದಲ್ಲಿ ನಿಲ್ಲಿಸ್ತಾನೆ. ಮೀನಿನ ಬುಟ್ಟಿ ಇದ್ದರೂ ನಿಲ್ಲಿಸ್ತಾನೆ. ನಾನು ಅದನ್ನೇ ಹೇಳುದು, ದಿಕ್ಕು ಗೊತ್ತಿದ್ದರೆ ಸಾಕಾಗುದಿಲ್ಲ. ಯಾವ ಬಸ್ಸು ಎಲ್ಲಿ ನಿಲ್ತದೆ ಅಂತ ಗೊತ್ತಿರಬೇಕು. ನಮ್ಮದೇ ಊರಿನಲ್ಲಿ ನಾನು ತಪ್ಪಿದೆ ನೋಡಿ.

— ಅದು ತಪ್ಪಿದ್ದಲ್ಲ ಮಗಾ, ಮುಂದೆ ಹೋದದ್ದು. ತಪ್ಪೂದು ಅಂದರೆ ಬೇರೆ. ತಲೆಯೊಳಗೆ ಇಡೀ ಊರು ಗಿರಕಿ ಹೊಡೀಬೇಕು. ನಂಗೆ ಹಾಗಾಗಿತ್ತು, 1976ರಲ್ಲಿ, ದೀಪಾವಳಿ ಕಳೆದ ಮೇಲೆ.

— ಟ್ಯಾಕ್ಸಿಯವ ಮೋಸ ಮಾಡಿದ ಕತೆಯಲ್ವಾ? ಕೇಳಿದ್ದೇನೆ.

— ಟ್ಯಾಕ್ಸಿಯ ಕತೆ ಕೇಳಿದ್ದೀ. ಹೊತ್ತಿನ ಕತೆ ಕೇಳ್ಲಿಲ್ಲ. ಆಗ ಕಾಳಿ ಹೊಳೆಗೆ ಸೇತುವೆ ಆಗಿರ್ಲಿಲ್ಲ. ಕೋಡಿಬಾಗದಲ್ಲಿ ದಾಟಿ ಸದಾಶಿವಗಡ. ಅಲ್ಲಿಂದ ಬಸ್ಸು ಬದಲಾಯಿಸ್ತಾ ಪಣಜಿ. ಪಣಜಿಯಲ್ಲಿ ಮುಂಬಯಿಯ ಆಗಬೋಟು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದವ ಬೆಳಿಗ್ಗೆ ಎದ್ದು ನೋಡ್ತೇನೆ, ಮುಂಬಯಿ ಬಂದರಿನೊಳಗೆ ಹೊಕ್ಕಿದ್ದೇವೆ, ಹೊತ್ತು ನೀರಿನ ಬದಿಯಿಂದ ಏಳ್ತಾ ಇದೆ!

— ಅಂದರೆ?

— ಅಂದರೆ ಎಂತ ಮಾರಾಯ್ತಿ! ಹತ್ತೊಂಬತ್ತು ವರ್ಷ ನಾ ಇದೇ ಬೇಲೆಯಲ್ಲಿ ಹೊತ್ತು ನೀರಿಗೆ ಮುಳುಗೂದನ್ನ ಮಾತ್ರ ಕಂಡವ. ಹೊತ್ತು ಏಳೂದು ಗುಡ್ಡದಿಂದ, ಮುಳುಗೂದು ಕಡಲಿಗೆ. ಅಲ್ಲಿ ನೋಡಿದರೆ ತಿರುಗಾ ಮುರುಗಾ. ಮುಂಬಯಿಯ ಬಂದರು ಊರಿನ ಮೂಡು ಬದಿಗೆ ಇದೆ ಅಂತ ನಂಗೆ ಯಾರು ಹೇಳಿದ್ದರು? ಕಡಲು ಅಂದರೆ ಪಡು, ನನ್ನ ತಲೆಯಲ್ಲಿ ಅಷ್ಟೇ ಇದ್ದದ್ದು. ಭಾವುಚಾ ಧಕ್ಕಾದಲ್ಲಿ ಟ್ರಂಕು ಹೊತ್ತು ಇಳಿದಾಗ ನನ್ನ ಲೆಕ್ಕದಲ್ಲಿ ಇಡೀ ಮುಂಬಯಿ ಬೆನ್ನು ತಿರುಗಿಸಿ ನಿಂತಿತ್ತು.

— ಆಮೇಲೆ ಟ್ಯಾಕ್ಸಿ.

— ಆಮೇಲೆ ಕರಿ ಹಳದಿ ಫಿಯೆಟ್ಟು. ಚೀಟಿ ತೋರಿಸಿದೆ, ವಡಾಳಾ ಅಂತ ಬರೆದಿತ್ತು. ಅವ ಕೇಳಿದ, ಈಸ್ಟಾ ವೆಸ್ಟಾ? ಚೀಟಿಯಲ್ಲಿ ಅದಿಲ್ಲ. ಊರಿನವನ ಹೆಸರಿದೆ, ಚಾಳಿನ ಹೆಸರಿದೆ, ಈಸ್ಟು ವೆಸ್ಟು ಇಲ್ಲ. ನಾ ಕೈ ಮಾಡಿ ತೋರಿಸಿದೆ, ಕಡಲಿನ ಬದಿಗೆ ಅಂತ. ಅವ ನನ್ನ ಮುಖ ನೋಡಿ ಮೀಟರ್ ತಿರುಗಿಸಿದ. ಅಷ್ಟೇ, ಅವನಿಗೆ ನಾ ಎಂಥವ ಅಂತ ತಿಳೀತು. ಒಂದೇ ಗಡಿಯಾರದ ಗೋಪುರ ಎರಡು ಸಲ ಕಂಡಿತು. ಮುಂಬಯಿ ದೊಡ್ಡ ಊರು, ಒಂದೇ ಥರದ್ದು ಎರಡು ಕಟ್ಟಿಸಿರಬೇಕು ಅಂದುಕೊಂಡೆ.

— (ನಗುತ್ತ) ಈಗಾದರೆ ಮೊಬೈಲಿನಲ್ಲಿ ಗೊತ್ತಾಗ್ತಿತ್ತು. ಎಷ್ಟು ದೂರ, ಎಷ್ಟು ದುಡ್ಡು ಅಂತ ಮೊದಲೇ ತೋರಿಸ್ತದೆ.

— ಒಪ್ಪಿದೆ. ಆ ಒಂದು ಉಪಕಾರ ಮೊಬೈಲು ಮಾಡಿದೆ. ನಮ್ಮ ಕಾಲದಲ್ಲಿ ಮೀಟರ್ ತೋರಿಸೂದು ಒಂದು, ಕೊಡೂದು ಇನ್ನೊಂದು. ದರ ಏರಿದಾಗೆಲ್ಲ ಹಳೇ ಮೀಟರ್ ಹಾಗೇ ಇಟ್ಟು ಒಂದು ಕಾರ್ಡು ಕೊಡ್ತಿದ್ದರು. ಮೀಟರಿನಲ್ಲಿ ಇಷ್ಟಾದರೆ ಕಾರ್ಡಿನಲ್ಲಿ ಇಷ್ಟು. ಹೊಸಬರಿಗೆ ಕಾರ್ಡು ಕೇಳಬೇಕು ಅಂತಲೇ ಗೊತ್ತಿಲ್ಲ. ಆ ಫಿಯೆಟ್ಟು ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಆಯ್ತಲ್ಲ, ಅದು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದಲೇ ಹೋಯ್ತು. ಪೇಪರಿನಲ್ಲಿ ಓದಿದಾಗ, ನನ್ನ ಸುತ್ತಿಸಿದವನ ಗಾಡಿಯೇ ಆದರೂ, ಒಂಥರಾ ಆಯ್ತು.

— ಮತ್ತೆ ತಲೆ ಯಾವಾಗ ಸರಿ ಆಯ್ತು?

— ಲೋಕಲ್ ಗಾಡಿ ಹತ್ತೂಕೆ ಸುರು ಮಾಡಿದ ಮೇಲೆ. ನಂದು ಹಾರ್ಬರ್ ಲೈನು. ವಡಾಳಾ, ಶಿವಡಿ, ಕಾಟನ್ ಗ್ರೀನ್, ರೇ ರೋಡ್, ಡಾಕ್‌ಯಾರ್ಡ್ ರೋಡ್. ಆರು ತಿಂಗಳು ಹೋಗಿ ಬಂದು ಮಾಡಿದ ಮೇಲೆ ಒಂದು ದಿನ ಹೊಳೀತು. ಮುಂಬಯಿಯವರು ಈಸ್ಟು ವೆಸ್ಟು ಅಂತ ಕೇಳೂದು ಕಡಲು ನೋಡಿ ಅಲ್ಲ, ಕಂಬಿ ನೋಡಿ. ಅಂಧೇರಿ ಈಸ್ಟ್, ಅಂಧೇರಿ ವೆಸ್ಟ್ ಅಂದರೆ ಕಂಬಿಯ ಆಚೆ, ಕಂಬಿಯ ಈಚೆ. ತಪ್ಪು ಬದಿಗೆ ಇಳಿದೆಯೋ, ಸೇತುವೆ ಹತ್ತಿ ಇಳಿ. ಅವರಿಗೆ ರೈಲು ಕಂಬಿಯೇ ಕಡಲು! ಅದು ತಿಳಿದ ದಿನದಿಂದ ನಾ ಮುಂಬಯಿಯಲ್ಲಿ ತಪ್ಪಲಿಲ್ಲ. ಬಸ್ಸು ಮಾತ್ರ ಬೇರೆ ಪಾಠ. ಬೆಸ್ಟ್ ಬಸ್ಸಿನ ಮುಂದೆ ನಂಬರು ದೇವನಾಗರಿಯಲ್ಲಿ. ಇಂಗ್ಲಿಷ್ ಅಂಕಿ ಬದಿಯಲ್ಲಿ, ಅದು ಕಾಣೂ ಹೊತ್ತಿಗೆ ಬಸ್ಸು ಹೋಗಿ ಆಗಿರ್ತಿತ್ತು. ನಾ ಮರಾಠಿ ಕಲಿತದ್ದು ಅಂಕಿಯಿಂದ.

— ರಿಕ್ಷಾ ಹಿಡಿಯುದಲ್ವಾ?

— ವಡಾಳಾಕ್ಕೆ ರಿಕ್ಷಾ ಎಲ್ಲಿ ಬರ್ತದೆ? ಬಾಂದ್ರಾ, ಸಾಯನ್ ದಾಟಿ ಒಳಗೆ ರಿಕ್ಷಾಕ್ಕೆ ಪರವಾನಗಿ ಇಲ್ಲ. ಒಳಗೆ ಟ್ಯಾಕ್ಸಿಯೇ. ನೋಡು, ಇಂಥಾದ್ದು ನಕ್ಷೆಯಲ್ಲಿ ಬರೆದಿರೂದಿಲ್ಲ. ಒಂದೇ ರಸ್ತೆ, ಆದರೆ ಒಂದು ಗೆರೆ ದಾಟಿದ ಮೇಲೆ ಗಾಡಿಯ ಜಾತಿಯೇ ಬೇರೆ.

— ಬೆಂಗಳೂರಿನಲ್ಲಿ ರಿಕ್ಷಾ ಎಲ್ಲ ಕಡೆ ಉಂಟು. ಬರುದಿಲ್ಲ ಅಷ್ಟೇ.

— ಅದೆಂಥದು, ಉಂಟು, ಬರುದಿಲ್ಲ?

— ಇಂಟರ್‌ವ್ಯೂಗೆ ಹೋದಾಗಿನ ಕತೆ ನಿಮಗೆ ಹೇಳ್ಲಿಲ್ಲ. ಅಪ್ಪನಿಗೂ ಹೇಳ್ಲಿಲ್ಲ, ಕಳಿಸ್ತಿರ್ಲಿಲ್ಲ ಮತ್ತೆ. ಮಾರತ್ತಹಳ್ಳಿಯಲ್ಲಿ ಇಳಿದೆ, ಹೊರವರ್ತುಲ ರಸ್ತೆ. ಮೊಬೈಲಿನಲ್ಲಿ ಆಟೊ ಹೇಳಿದೆ. ಆಟೊ ನನಗೆ ಕಾಣ್ತಾ ಇದೆ, ಎದುರಿಗೇ ಇದೆ, ರಸ್ತೆಯ ಆ ಬದಿಗೆ. ಅವ ಫೋನಿನಲ್ಲಿ, ಮೇಡಂ ಈ ಕಡೆ ಬನ್ನಿ, ನಾನು ಯೂ ಟರ್ನ್ ಹೊಡೆದು ಬರ್ಬೇಕಂದ್ರೆ ಎಲ್ಲೋ ಹೋಗ್ಬೇಕು ಅಂತಾನೆ. ನಡುವೆ ಎಷ್ಟು ಸಾಲು ಗಾಡಿ! ಸರ್ವಿಸ್ ರಸ್ತೆ, ಬೇಲಿ, ದೊಡ್ಡ ರಸ್ತೆ, ಬೇಲಿ, ಮತ್ತೆ ಸರ್ವಿಸ್ ರಸ್ತೆ. ಮೇಲಿನ ಕಾಲುಸೇತುವೆ ಹುಡುಕಿ ಹತ್ತಿ ಇಳಿಯುವಷ್ಟರಲ್ಲಿ ಅವ ಕ್ಯಾನ್ಸಲ್ ಮಾಡಿ ಹೋಗಿದ್ದ.

— ಗಂಗಾವಳಿ ಹೊಳೆಯ ಈ ದಡ ಆ ದಡ ಆಯ್ತಲ್ಲ!

— ಹಾಗೇ! ಬಾರ್ಜ್ ಬಿಟ್ಟು ಹೋದ ಹಾಗೆ. ಮತ್ತೆ ಬಸ್ಸು ಹಿಡಿಯುವಾ ಅಂತ ನಿಂತೆ. 500-ಡಿ ಬಂತು, ಹತ್ತಿದೆ. ಬೋರ್ಡು ಕನ್ನಡದಲ್ಲೇ ಇತ್ತು, ಓದಿದೆ, ಹೆಬ್ಬಾಳ. ಸರಿ ಅಂದುಕೊಂಡೆ. ನಾನು ಹೋಗಬೇಕಾದ್ದು ಸಿಲ್ಕ್ ಬೋರ್ಡ್ ಬದಿಗೆ. ಒಂದೇ ನಂಬರು ಎರಡೂ ಬದಿಗೆ ಹೋಗ್ತದೆ ಅಂತ ಗೊತ್ತಿತ್ತು. ಆದರೆ ಹೆಬ್ಬಾಳ ಯಾವ ಬದಿ, ಸಿಲ್ಕ್ ಬೋರ್ಡ್ ಯಾವ ಬದಿ ಅಂತ ಆ ಕ್ಷಣಕ್ಕೆ ತಲೆಯಲ್ಲಿ ಇರ್ಲಿಲ್ಲ. ಇಂಟರ್‌ವ್ಯೂಗೆ ಮುಕ್ಕಾಲು ಗಂಟೆ ತಡ.

— ಕಂಡಿತಾ? ಓದೂಕೆ ಬಂದರೆ ಸಾಕಾಗ್ಲಿಲ್ಲ. ನಂಗೆ ಓದೂಕೇ ಬರ್ತಿರ್ಲಿಲ್ಲ, ನಿಂಗೆ ಓದೂಕೆ ಬಂದೂ ಬರ್ಲಿಲ್ಲ.

— ಬೆಂಗಳೂರಿನಲ್ಲಿ ಎಂತ ನೋಡಿ ದಿಕ್ಕು ಹಿಡಿಯುದು ದೊಡ್ಡಪ್ಪ? ಕಡಲಿಲ್ಲ. ಹೊಳೆ ಇಲ್ಲ. ಗುಡ್ಡ ಕಾಣುದಿಲ್ಲ. ಕೆರೆ ಉಂಟು, ಕೆರೆಗೆ ದಿಕ್ಕಿಲ್ಲ. ಲೋಕಲ್ ರೈಲು ನಿಮ್ಮ ಮುಂಬಯಿಯ ಹಾಗೆ ಇಲ್ಲ.

— ಅದಕ್ಕೇ ನಾ ಕೇಳಿದ್ದು. ಹೋದ ಊರಿನಲ್ಲಿ ಮೊದಲು ಕಡಲು ಯಾವುದು ಅಂತ ಹುಡುಕಬೇಕು. ನೀರಿನ ಕಡಲೇ ಆಗಬೇಕು ಅಂತಿಲ್ಲ.

— ... ಮೆಟ್ರೊ?

— ನಂಗೇನು ಗೊತ್ತು, ನಾ ಹತ್ತಲಿಲ್ಲ. ನೀನೇ ಹೇಳು.

— ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿಗೆ. 2023ರ ಅಕ್ಟೋಬರ್ 9ರಿಂದ ಪೂರ್ತಿ ಓಡ್ತದೆ. ಚಲ್ಲಘಟ್ಟ ಮೈಸೂರು ರಸ್ತೆಯ ಬದಿ, ಅಂದರೆ ಪಡು. ಕಾಡುಗೋಡಿ ಮೂಡು. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ. ಮಾದಾವರ ತುಮಕೂರು ರಸ್ತೆ, ಬಡಗು. ರೇಷ್ಮೆ ಸಂಸ್ಥೆ ಕನಕಪುರ ರಸ್ತೆ, ತೆಂಕು. ಅಯ್ಯೋ! ಒಂದು ಪಡು ಮೂಡು, ಒಂದು ಬಡಗು ತೆಂಕು. ಎರಡೂ ಕೂಡುದು ಮೆಜೆಸ್ಟಿಕ್ಕಿನಲ್ಲಿ.

— ಕೋಲು ತಗೊಂಡು ಮರಳಿನ ಮೇಲೆ ಗೀರು.

— ಇದು ನೇರಳೆ. ಇದು ಹಸಿರು. 2025ರ ಆಗಸ್ಟಿನಿಂದ ಒಂದು ಹಳದಿ ಬಂದಿದೆ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, ಈ ಕೆಳಗೆ ಹೀಗೆ. ನನ್ನ ಆಫೀಸು ಇಲ್ಲಿ, ವೈಟ್‌ಫೀಲ್ಡ್. ಪಿಜಿ ಇಂದಿರಾನಗರ, ಇಲ್ಲಿ. ಎರಡೂ ನೇರಳೆಯ ಮೇಲೇ.

— ಹಾಗಾದರೆ ನಿಂಗೆ ಬೇಲೆಕೇರಿಯೂ ಅಂಕೋಲೆಯೂ ಒಂದೇ ಹೆದ್ದಾರಿಯಲ್ಲಿ ಸಿಕ್ಕಿತು. ಮತ್ತೆ ಹೆದರಿಕೆ ಎಂತಕ್ಕೆ?

— ಹೆದರಿಕೆ ಅದಕ್ಕಲ್ಲ. ನಿಮಗೆ ಹೇಳಿದರೆ ಬೇಜಾರು ಮಾಡಬೇಡಿ. ನೀವು ಯಾವಾಗಲೂ ಹೇಳ್ತೀರಲ್ಲ, ದಾರಿ ತಿಳೀದಿದ್ದರೆ ಕೇಳು, ಎರಡು ಬಾಯಲ್ಲಿ ಕೇಳು, ಎರಡೂ ಒಂದೇ ಹೇಳಿದರೆ ಹೋಗು ಅಂತ. ಹಗಲಿನಲ್ಲಿ ಕೇಳ್ತೇನೆ. ರಾತ್ರಿ ಹತ್ತೂವರೆಗೆ ಶಿಫ್ಟ್ ಬಿಟ್ಟು ಬರುವಾಗ ಒಬ್ಬಳೇ ನಿಂತುಕೊಂಡು, ಅಣ್ಣಾ ಇಂದಿರಾನಗರಕ್ಕೆ ಯಾವ ಬಸ್ಸು ಅಂತ ಕೇಳಿದರೆ, ನಾನು ಹೊಸಬಳು ಅಂತ ಅವನಿಗೆ ನಾನೇ ಹೇಳಿದ ಹಾಗೆ. ನಿಮ್ಮನ್ನ ಟ್ಯಾಕ್ಸಿಯವ ಗೋಪುರ ಸುತ್ತಿಸಿದ, ಅಷ್ಟರಲ್ಲೇ ಮುಗೀತು. ನನಗೆ ಅಷ್ಟರಲ್ಲೇ ಮುಗೀತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ.

— ... ಹೌದು. ಅದು ನಂಗೆ ಹೊಳೀಲೇ ಇಲ್ಲ.

— ಅದಕ್ಕೇ ಮೊಬೈಲು. ಅದಕ್ಕೆ ಕೇಳಿದರೆ ಬೇರೆಯವರಿಗೆ ಗೊತ್ತಾಗುದಿಲ್ಲ. ಆಟೊ ಬಂದ ಮೇಲೆ ನಂಬರ್ ಪ್ಲೇಟು ನೋಡ್ತೇನೆ, ಅದೇ ಗಾಡಿಯಾ ಅಂತ. ನಾಲ್ಕು ಅಂಕಿಯ ಓಟಿಪಿ ಹೇಳುವ ತನಕ ಅವ ಸುರು ಮಾಡ್ಲಿಕ್ಕೆ ಆಗುದಿಲ್ಲ. ನಾನು ಎಲ್ಲಿ ಹೋಗ್ತಾ ಇದ್ದೇನೆ ಅಂತ ಅಪ್ಪನ ಮೊಬೈಲಿನಲ್ಲಿ ಕಾಣ್ತಾ ಇರ್ತದೆ. ಅಪ್ಪ ನಿದ್ದೆ ಹೋಗಿರ್ತಾನೆ, ಅದು ಬೇರೆ.

— ಅವನನ್ನ ಎಬ್ಬಿಸೂದು ನನ್ನ ಕೆಲಸ. ನನ್ನ ಮೊಬೈಲಿಗೂ ಕಳಿಸು. ಮುದುಕನಿಗೆ ನಿದ್ದೆ ಹೇಗೂ ಬರೂದಿಲ್ಲ.

— ಕಳಿಸ್ತೇನೆ. ಒಂದು ಚುಕ್ಕೆ ಹೋಗ್ತಾ ಇರ್ತದೆ, ಅದು ನಾನು.

— ಮೀಟರು?

— ಎರಡು ಕಿಲೋಮೀಟರಿಗೆ 36 ರೂಪಾಯಿ, ಮತ್ತೆ ಕಿಲೋಮೀಟರಿಗೆ 18. 2025ರ ಆಗಸ್ಟ್ 1ರಿಂದ. ರಾತ್ರಿ ಹತ್ತರ ಮೇಲೆ ಬೆಳಿಗ್ಗೆ ಐದರ ತನಕ ಒಂದೂವರೆ ಪಟ್ಟು. ಇದು ಬೋರ್ಡಿನ ಲೆಕ್ಕ. ಬಾಯಿಯ ಲೆಕ್ಕ ಅಲ್ಲಿ ಹೋದ ಮೇಲೆ ಗೊತ್ತಾಗಬೇಕು.

— ಬಾಯಿಯ ಲೆಕ್ಕ ಅಂದೆಯಲ್ಲ, ಊರಿನ ಹೆಸರೂ ಹಾಗೇ. ಬೋರ್ಡಿನಲ್ಲಿ ಒಂದು, ಬಾಯಲ್ಲಿ ಒಂದು. ನಮ್ಮ ವೀಟಿ ಸ್ಟೇಶನ್ನಿಗೆ 1996ರಲ್ಲೇ ಶಿವಾಜಿ ಮಹಾರಾಜರ ಹೆಸರಿಟ್ಟರು. ಟ್ಯಾಕ್ಸಿ ಹತ್ತಿ ಈಗಲೂ ವೀಟಿ ಅನ್ನೂರು ಇದ್ದಾರೆ.

— ಮೆಜೆಸ್ಟಿಕ್ಕೂ ಹಾಗೇ. ರೈಲು ನಿಲ್ದಾಣದ ಬೋರ್ಡಿನಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಬಸ್ ನಿಲ್ದಾಣ ಕೆಂಪೇಗೌಡ. ಮೆಟ್ರೊ ನಾಡಪ್ರಭು ಕೆಂಪೇಗೌಡ. ಜನರ ಬಾಯಲ್ಲಿ ಎಲ್ಲವೂ ಮೆಜೆಸ್ಟಿಕ್. ಹಿಂದೆ ಅಲ್ಲಿ ಮೆಜೆಸ್ಟಿಕ್ ಅನ್ನುವ ಟಾಕೀಸ್ ಇತ್ತಂತೆ, ಈಗ ಅದೂ ಇಲ್ಲ.

— ಟಾಕೀಸ್ ಹೋದ ಮೇಲೂ ಬಸ್ಸು ಅಲ್ಲಿಗೇ ಹೋಗ್ತದೆ ನೋಡು.

— ನಮ್ಮ ಕಾರವಾರ ಸ್ಟೇಶನ್ನು ಮಾತ್ರ ಕಾರವಾರದಲ್ಲಿಲ್ಲ. ಶಿರವಾಡದಲ್ಲಿ! ಪೇಟೆಯಲ್ಲಿ ಇಳಿದು ಮತ್ತೆ ರಿಕ್ಷಾ. ಬೆಂಗಳೂರಿಗೆ ಒಂದು ರಾತ್ರಿ ಮಲಗಿ ಹೋಗ್ತೇನೆ, ಅದಕ್ಕೆ ಕಷ್ಟ ಇಲ್ಲ. ಬೇಲೆಕೇರಿಯಿಂದ ಕ್ರಾಸಿಗೆ, ಪೇಟೆಯಿಂದ ಶಿರವಾಡಕ್ಕೆ, ಅದಕ್ಕೇ ಅಪ್ಪ ನಿನ್ನೆಯಿಂದ ಯಾರ್ಯಾರಿಗೋ ಫೋನ್ ಮಾಡ್ತಾ ಇದ್ದಾನೆ. ಅಂಕೋಲೆಯಲ್ಲೇ ರೈಲು ಹತ್ತು ಅಂದ. ನಾನೇ, ಅತ್ತೆ ಮನೆಗೆ ಹೋಗಿ ಊಟ ಮಾಡಿ ಹೋಗ್ತೇನೆ ಅಂದೆ.

— ಕೊಂಕಣ ರೈಲಿನದ್ದು ಹಾಗೇ. ಗುಡ್ಡದ ಬುಡ ಹಿಡಿದು ಹೋಯ್ತು, ಪೇಟೆಯೆಲ್ಲ ಕಡಲಿನ ಬದಿಗೆ ಉಳೀತು. ಆದರೂ ಬೈಬೇಡ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿದಾಗ ಕುಮಟೆ ಬದಿಯವರಿಗೆ ಆ ಕಂಬಿಯೇ ಗತಿಯಾಯ್ತು. ಗಾಡಿಯವರು ಘಟ್ಟ ಹತ್ತಿ ಇಳಿದು ಸುತ್ತಿ ಬಂದರು. ಚಾ ಅಂಗಡಿಯಲ್ಲಿ ಚಾ ಕುಡೀತಾ ಇದ್ದವರು ಅಂಗಡಿ ಸಮೇತ ಹೋದರು ಮಗಾ. ಹೆದ್ದಾರಿ ಬದಿಗೆ ಗಾಡಿ ನಿಲ್ಲಿಸಿ ಚಾ ಕುಡಿಯೂದು ಒಂದು ತಪ್ಪಾ?

— ಅದು ಕಳೆದು ಮೂರು ವಾರ ಆಗುವಾಗ ಕಾಳಿಯ ಹಳೇ ಸೇತುವೆ.

— ಆಗಸ್ಟ್ 7, ನಡುರಾತ್ರಿ ಕಳೆದು. ಲಾರಿ ನೀರಿಗೆ ಬಿತ್ತು, ಚಾಲಕ ಬದುಕಿದ. ಆ ಸೇತುವೆ ಆಗದೇ ಇದ್ದಾಗ ದಾಟಿದವ ನಾ, ಅದು ಬಿದ್ದದ್ದನ್ನೂ ಕಂಡೆ. ದಾರಿ ಒಂದೇ ಇದ್ದರೆ ತಪ್ಪೂದಿಲ್ಲ ಅಂತ ಆಗ ಹೇಳಿದೆನಲ್ಲ, ಅದಕ್ಕೆ ಇದೂ ಸೇರಿಸಬೇಕು. ಒಂದೇ ಇದ್ದದ್ದು ಕಡಿದರೆ ಎಲ್ಲಿಗೂ ಹೋಗೂಕಾಗೂದಿಲ್ಲ. ನಿನ್ನ ಬೆಂಗಳೂರಿನಲ್ಲಿ ಮೆಟ್ರೊ ನಿಂತರೆ ಬಸ್ಸು, ಬಸ್ಸು ನಿಂತರೆ ಆಟೊ.

— ಆಟೊ ಉಂಟು, ಬರುದಿಲ್ಲ.

— ಅದು ಸರಿ!

— ನನ್ನ ಕೂಡೆ ಕೆಲಸಕ್ಕೆ ಸೇರುವ ಹುಡುಗಿಯೊಬ್ಬಳು, ದಾವಣಗೆರೆಯವಳು, ನಮ್ಮ ಊರಿಗೆ ಬರ್ತೇನೆ ಅಂತಿದ್ದಾಳೆ. ಎಲ್ಲಿ ಅಂತ ಕೇಳಿದಳು. ಬೇಲೆಕೇರಿ ಅಂದೆ. ಓ, ಅದಿರು ಕಳುವಾದ ಊರಾ ಅಂದಳು.

— 2010ರಲ್ಲಿ ಜಪ್ತಿ ಮಾಡಿಟ್ಟ ಅದಿರು ಮಾಯ ಆಯ್ತಲ್ಲ, ಊರಿನ ಹೆಸರು ದೇಶಕ್ಕೆಲ್ಲ ಹೋಯ್ತು. ಬಸ್ಸು ಮಾತ್ರ ಕ್ರಾಸಿನಲ್ಲಿ ನಿಲ್ಲೂದಿಲ್ಲ. ಅವಳಿಗೆ ಹೇಗೆ ಬರೂಕೆ ಹೇಳಿದೆ?

— ಮೊಬೈಲಿನಲ್ಲಿ ಟ್ಯಾಕ್ಸಿ ಹುಡುಕಬೇಡ ಅಂತ ಮೊದಲು ಹೇಳಿದೆ. ಅಂಕೋಲೆಯಲ್ಲಿ ಇಳಿ, ಕಾರವಾರದ ಬದಿಗೆ ಹೋಗುವ ಟೆಂಪೊ ಇಲ್ಲವೇ ಲೋಕಲ್ ಬಸ್ಸು ಹತ್ತು, ಎಕ್ಸ್‌ಪ್ರೆಸ್ ಹತ್ತಬೇಡ. ಹಟ್ಟಿಕೇರಿ ಟೋಲಿನ ಹತ್ತಿರ ಬೇಲೆಕೇರಿ ಕ್ರಾಸ್ ಅಂತ ಹತ್ತುವಾಗಲೇ ಹೇಳು, ಇಳಿದ ಮೇಲೆ ಫೋನ್ ಮಾಡು ಅಂದೆ. ಅವಳು ಕೇಳಿದಳು, ಕ್ರಾಸಿನಿಂದ ಎಡಕ್ಕಾ ಬಲಕ್ಕಾ?

— ನೀ ಎಂತ ಹೇಳಿದೆ?

— ಕಡಲಿನ ಬದಿಗೆ ಅಂದೆ.

— (ಬಹಳ ಹೊತ್ತು ನಕ್ಕು) ಹುಷಾರು. ನಾ ವಡಾಳಾದ ಟ್ಯಾಕ್ಸಿಯವನಿಗೆ ಹೇಳಿದ್ದೂ ಅದನ್ನೇ. ದಾವಣಗೆರೆಯವಳಿಗೆ ಹೆದ್ದಾರಿಯಲ್ಲಿ ನಿಂತು ಕಡಲು ಯಾವ ಬದಿ ಅಂತ ಹೇಗೆ ತಿಳೀಬೇಕು? ಗಾಳಿಯ ವಾಸನೆ ನೋಡಿಯಾ?

— ಅಂಕೋಲೆಯಿಂದ ಬರುವಾಗ ಎಡಕ್ಕೆ ಅಂತ ಬರೆದು ಕಳಿಸ್ತೇನೆ.

— ಬರೆ. ಮತ್ತೊಂದು ಹೇಳ್ತೇನೆ ಕೇಳು, ಮನೆಯಲ್ಲಿ ಹೇಳಬೇಡ. ನಾ ಕೆಲಸ ಬಿಟ್ಟು ಊರಿಗೆ ಬಂದ ಮೊದಲ ವಾರ. ಒಂದು ದಿನ ಕತ್ತಲಿರುವಾಗಲೇ ಎಚ್ಚರ ಆಯ್ತು. ಹೊತ್ತು ಏಳೂದನ್ನ ನೋಡುವಾ ಅಂತ ಇಲ್ಲೇ, ಈ ದೋಣಿಗಳ ಹತ್ತಿರ ಬಂದು ಕೂತೆ. ನೀರನ್ನೇ ನೋಡ್ತಾ ಕೂತಿದ್ದೇನೆ. ಬೆಳಕಾಯ್ತು, ಕಾಗೆ ಬಂತು, ಬಲೆ ಹೊತ್ತವರು ಬಂದರು. ನೀರಿನಲ್ಲಿ ಹೊತ್ತಿಲ್ಲ. ಬಲೆಯವನೊಬ್ಬ ಕೇಳಿದ, ಯಾರ ದಾರಿ ಕಾಯ್ತೀರಿ ಅಂತ. ಬೆನ್ನು ಬಿಸಿ ಆದಾಗ ತಿರುಗಿ ನೋಡಿದೆ.

— ಅಯ್ಯೋ ದೊಡ್ಡಪ್ಪ!

— ಏಳು ಈಗ. ನಿನ್ನ ಅಮ್ಮ ಆ ಡಬ್ಬಿಯನ್ನ ನಾಲ್ಕನೇ ಸಲ ಹೊರಗೆ ತೆಗೆದಿರ್ತಾಳೆ.